ಓಕ್ ಮರದಡಿಯ ಡೆತ್ ಕ್ಯಾಪ್ ಅಣಬೆ: ಊರಿಂದ ಬಂದಿರೋ ಅಪ್ಪ-ಅಮ್ಮನಿಗೆ ದಯವಿಟ್ಟು ಹೇಳಿ

ಸುಮಾ_ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಮಳೆ ಶುರುವಾಗಿದೆ, ಓಕ್ ಮರಗಳ ಬುಡದಲ್ಲಿ ಅಣಬೆ ಎದ್ದಿವೆ. ಮೊನ್ನೆ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ನಮ್ಮ ಕಡೆಯ ಹಿರಿಯ ದಂಪತಿ ಬಟ್ಟೆ ಚೀಲ ಹಿಡ್ಕೊಂಡು ಅಣಬೆ ಆರಿಸ್ತಾ ಇದ್ರು. ಮಗನ ಮನೆಗೆ ಬಂದವರು. ಚೀಲದಲ್ಲಿ ಇದ್ದಿದ್ದು ಡೆತ್ ಕ್ಯಾಪ್, ಅಂದ್ರೆ ಅಮನಿಟಾ ಫಲಾಯ್ಡಿಸ್. ಜಗತ್ತಿನಲ್ಲಿ ಅಣಬೆ ತಿಂದು ಸಾಯೋರಲ್ಲಿ ಹೆಚ್ಚಿನವರನ್ನು ಕೊಲ್ಲೋದು ಇದೊಂದೇ ಜಾತಿ. "ಊರಲ್ಲಿ ತಿಂತಿದ್ವಮ್ಮ, ಇದೇ ಥರದ್ದು" ಅಂದ್ರು ಆ ತಾಯಿ. ಮಗನಿಗೆ ಫೋನ್ ಮಾಡಿಸಿ, ಮಾತಾಡಿಸಿ, ಚೀಲ ಖಾಲಿ ಮಾಡಿಸಿದೆ. ಅವರಿಗೆ ಬೇಜಾರಾಯ್ತು ಅಂತ ಗೊತ್ತು, ಆದರೂ ಬಿಡೋ ವಿಷಯ ಅಲ್ಲ ಇದು.

ನೋಡೋಕೆ ಹೇಗಿರುತ್ತೆ ಅಂತ ಹೇಳ್ತೀನಿ. ಟೋಪಿ ತಿಳಿ ಹಸಿರು, ಕೆಲವು ಸಲ ಹಳದಿ ಮಿಶ್ರ ಕಂಚಿನ ಬಣ್ಣ, ಮಾಸಿದ್ರೆ ಹೆಚ್ಚು ಕಡಿಮೆ ಬಿಳಿ. ಒದ್ದೆಯಾದಾಗ ಮಿರಮಿರ ಮಿಂಚುತ್ತೆ, ಹತ್ತಿರದಿಂದ ನೋಡಿದ್ರೆ ನಡುವಿನಿಂದ ಅಂಚಿನ ಕಡೆಗೆ ಎಳೆ ಎಳೆಯಾಗಿ ಗೆರೆ ಕಾಣುತ್ತೆ. ಅಗಲ 5ರಿಂದ 15 ಸೆಂಟಿಮೀಟರ್. ಟೋಪಿ ಅಡಿಯ ಮಡಿಕೆ ಮಡಿಕೆ ಪದರಗಳು ಬಿಳಿ. ಕಾಂಡದ ಮೇಲ್ಭಾಗದಲ್ಲಿ ತೆಳು ಪೊರೆಯ ಉಂಗುರ ಜೋತು ಬಿದ್ದಿರುತ್ತೆ. ಮುಖ್ಯವಾದ ಗುರುತು ಮಣ್ಣಿನೊಳಗೆ: ಬುಡದಲ್ಲಿ ಬಿಳಿ ಚೀಲ. ಚಾಕುವಿನಲ್ಲಿ ಕೊಯ್ದ್ರೆ ಅಥವಾ ಮೇಲಿನಿಂದ ಮುರಿದ್ರೆ ಆ ಚೀಲ ಮಣ್ಣಲ್ಲೇ ಉಳಿದುಬಿಡುತ್ತೆ. ಆ ದಂಪತಿಯ ಚೀಲದಲ್ಲಿ ಇದ್ದ ಅಣಬೆಗಳಲ್ಲಿ ಒಂದಕ್ಕೂ ಬುಡ ಇರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 14 ಜನ ಇದನ್ನು ತಿಂದು ಆಸ್ಪತ್ರೆ ಸೇರಿದ್ರು. ಮೂವರಿಗೆ ಲಿವರ್ ಕಸಿ ಮಾಡಬೇಕಾಯ್ತು. ಒಂದು ಪುಟ್ಟ ಮಗುವಿನ ಮಿದುಳಿಗೆ ಶಾಶ್ವತ ಹಾನಿ ಆಯ್ತು. 2025ರ ಡಿಸೆಂಬರ್‌ನಲ್ಲಿ ಮತ್ತೆ ಸಾಲುಸಾಲು ಪ್ರಕರಣ, ಸಾವು ಕೂಡ. ರಾಜ್ಯದ ಆರೋಗ್ಯ ಇಲಾಖೆ ಕಾಡು ಅಣಬೆ ಆರಿಸಿ ತಿನ್ನಲೇಬೇಡಿ ಅಂತ ಎಚ್ಚರಿಕೆ ಕೊಡ್ತು. ಇಂಗ್ಲಿಷ್‌ನಲ್ಲಿ ಬರೋ ಆ ಎಚ್ಚರಿಕೆ ನಮ್ಮ ಮನೆಗಳ ಹಿರಿಯರಿಗೆ ತಲುಪಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಮಲೆನಾಡ_ಮಳೆ

ಮೇಡಂ, ನೀವು ಹೇಳಿದ್ದು ಒಳ್ಳೇದೇ. ಆದ್ರೆ ನಮ್ಮ ಹಿರಿಯರಿಗೆ ಅಣಬೆ ಗೊತ್ತಿಲ್ಲ ಅನ್ನೋ ಥರ ಬರೆಯೋದು ಸರಿ ಅನ್ಸಲ್ಲ. ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲಿ ಗುಡುಗಿದ ಮಾರನೇ ದಿನ ಹುತ್ತದ ಹತ್ರ ಅಣಬೆ ಹುಡುಕ್ತಾ ಹೋಗಿ ಬೆಳೆದವರು ನಾವು. ನಮ್ಮಜ್ಜಿ ಯಾವ ಪುಸ್ತಕವನ್ನೂ ಓದಿದವರಲ್ಲ, ಆದ್ರೆ ಯಾವುದು ಅಣಬೆ, ಯಾವುದು ನಾಯಿಕೊಡೆ ಅಂತ ದೂರದಿಂದಲೇ ಹೇಳೋರು. ಅನುಮಾನ ಬಂದ್ರೆ ಅರಿಶಿನ ಹಾಕಿ ಕುದಿಸಿ ಬಣ್ಣ ನೋಡೋರು, ಪಾತ್ರೆಗೆ ಬೆಳ್ಳಿ ನಾಣ್ಯ ಹಾಕೋರು. ಹುಳ ತಿಂದಿರೋ ಅಣಬೆ ಆದ್ರೆ ಮನುಷ್ಯನಿಗೂ ಆಗುತ್ತೆ ಅನ್ನೋರು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ.

ಸುಮಾ_ಫ್ರೀಮಾಂಟ್

ಹಿರಿಯರಿಗೆ ಗೊತ್ತಿಲ್ಲ ಅಂತ ನಾನು ಹೇಳ್ಲಿಲ್ಲ ಸರ್. ಧಾರವಾಡದ ಮೇಷ್ಟ್ರು ಈ ಗುಂಪಿನಲ್ಲಿ ಇದ್ದಾರೆ, ಅವರು ನನಗಿಂತ ಚೆನ್ನಾಗಿ ಹೇಳ್ತಾರೆ.

ಸಸ್ಯಶಾಸ್ತ್ರ_ಮಾಸ್ತರ_ಧಾರವಾಡ

ತೀರ್ಥಹಳ್ಳಿ ತಮ್ಮಾರ, ನಿಮ್ಮ ಅಜ್ಜಿಯವರ ತಿಳುವಳಿಕೆ ಬಗ್ಗೆ ನನಗ ಭಾಳ ಗೌರವ ಅದ. ಅವರು ಸುರಕ್ಷಿತ ಇದ್ದದ್ದು ಅರಿಶಿನದಿಂದಲ್ಲ, ಬೆಳ್ಳಿಯಿಂದನೂ ಅಲ್ಲ. ಅವರು ಆರಿಸ್ತಿದ್ದ ಜಾಗದಿಂದ. ಹುತ್ತದ ಅಣಬಿ, ಅಂದ್ರ ಟರ್ಮಿಟೋಮೈಸಿಸ್, ಗೆದ್ದಲು ಸಾಕೂ ಶಿಲೀಂಧ್ರ. ಕಾಂಡ ಹಿಡದು ನಿಧಾನ ಎಳದ್ರ ಬೇರಿನಂಥಾ ಉದ್ದನ ಬಾಲ ಗೆದ್ದಲಿನ ಗೂಡಿನ ತನಕ ಇಳದಿರ್ತದ. ಅದನ್ನ ನೋಡಿದವರು ತಪ್ಪೂದು ಕಡಿಮಿ. ಅದೇ ಹಾಡ್ಯ, ಅದೇ ಹುತ್ತ, ಅದೇ ತಿಂಗಳು. ತಲಿತಲಾಂತರದ ಪಾಠ ಅದು.

ಡೆತ್ ಕ್ಯಾಪ್ ಬ್ಯಾರೆ ಲೋಕದ್ದು. ಅದು ಮರದ ಬೇರಿನ ಜೋಡಿ ಕೂಡಿ ಬದುಕೂ ಶಿಲೀಂಧ್ರ. ಮರಕ್ಕ ನೀರು, ಖನಿಜ ಕೊಡ್ತದ, ಮರದಿಂದ ಸಕ್ಕರಿ ತಗೋತದ. ಮೂಲ ಯುರೋಪು. ಅಲ್ಲಿ ಓಕ್, ಬೀಚ್, ಚೆಸ್ಟ್‌ನಟ್ ಮರದ ಕೆಳಗ ಬರ್ತದ. ಗಿಡಗಳ ಬೇರಿನ ಮಣ್ಣಿನೊಳಗ ಕೂತು ಹಡಗು ಹತ್ತಿ ಬ್ಯಾರೆ ಖಂಡಕ್ಕ ಹೋಯ್ತು. ಕ್ಯಾಲಿಫೋರ್ನಿಯಾದಾಗ 1938ರಲ್ಲಿ ಮಾಂಟೆರೆ ಊರಿನ ಒಂದು ಹೋಟೆಲಿನ ಆವರಣದಾಗ ಸಂಗ್ರಹ ಮಾಡಿದ್ದು ಅಲ್ಲಿಯ ಹಳೇ ದಾಖಲೆ. ಆನ್ ಪ್ರಿಂಗಲ್ ಅಂತ ಶಿಲೀಂಧ್ರ ವಿಜ್ಞಾನಿ ಹಳೇ ಸಂಗ್ರಹಗಳನ್ನೂ ಜೀನ್‌ಗಳನ್ನೂ ಪರೀಕ್ಷಿಸಿ, ಇದು ಅಲ್ಲಿಯ ಮೂಲದ್ದಲ್ಲ, ಯುರೋಪಿನಿಂದ ಬಂದು ಹರಡಿದ್ದು ಅಂತ ತೋರಿಸಿದ್ರು. ವಿಶೇಷ ಏನಂದ್ರ, ತಂದ ಗಿಡಕ್ಕಷ್ಟ ಅಂಟಿಕೊಂಡು ಕೂಡಲಿಲ್ಲ. ಅಲ್ಲಿಯದ್ದೇ ಆದ ಕೋಸ್ಟ್ ಲೈವ್ ಓಕ್ ಮರದ ಬೇರಿಗೂ ಹೊಂದಿಕೊಂಡು ಕಾಡಿಗೆ ನುಗ್ಗಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಾಗ ಬೀದಿ ಬದಿ ನೆಟ್ಟ ಹಾರ್ನ್‌ಬೀಮ್ ಮರಗಳ ಕೆಳಗ ಬಂತು. 2016ರಲ್ಲಿ ಅಲ್ಲಿ ವಿಕ್ಟೋರಿಯಾ ಊರಾಗ ಮೂರು ವರ್ಷದ ಕೂಸು ತೀರಿಕೊಂಡಿತು.

ಇನ್ನ ಪರೀಕ್ಷೆಗಳ ವಿಷಯ. ಬೆಳ್ಳಿ ಕಪ್ಪಾಗೂದು ಗಂಧಕದ ಕೆಲವು ಸಂಯುಕ್ತಗಳಿಂದ, ಈ ವಿಷಕ್ಕ ಕಪ್ಪಾಗೂದಿಲ್ಲ. ಅರಿಶಿನ, ಬಳ್ಳೊಳ್ಳಿ, ಅಕ್ಕಿ, ಯಾವುದೂ ತಿಳಿಸೂದಿಲ್ಲ. ಗೊಂಡೆಹುಳ ಡೆತ್ ಕ್ಯಾಪ್ ಮೇದು ಆರಾಮ ಇರ್ತದ, ಅಣಬಿ ಮ್ಯಾಲೆ ಬದುಕೂ ಕೆಲವು ನೊಣಗಳ ಮರಿಗೂ ಏನೂ ಆಗೂದಿಲ್ಲ. ಕುದಿಸಿದ್ರೂ, ಹುರಿದ್ರೂ, ಒಣಗಿಸಿದ್ರೂ, ಫ್ರೀಜರಿನಾಗ ಇಟ್ರೂ ವಿಷ ಹೋಗೂದಿಲ್ಲ. ಕಹಿ ಇಲ್ಲ, ಕೆಟ್ಟ ವಾಸನೆ ಇಲ್ಲ. ಎಳೇದಿದ್ದಾಗ ಸಣ್ಣಗೆ ಜೇನಿನ ವಾಸನೆ. ತಿಂದು ಬದುಕಿದವರು ರುಚಿ ಚಲೋ ಇತ್ತು ಅಂತನ ಹೇಳ್ಯಾರ. ನಾಲಿಗಿ, ಮೂಗು ಎರಡೂ ಇಲ್ಲಿ ನಮ್ಮ ಕೈ ಬಿಡ್ತಾವ. ನನಗ ಅತಿ ಹೆಚ್ಚು ಅಂಜಿಕಿ ಬರೂದು ಇದಕ್ಕ.

ಕಡಲಕರೆ_ಸ್ಯಾನ್‌ಹೊಸೆ

ಮಾಸ್ಟ್ರೇ, ನನ್ನದೊಂದು ಡೌಟ್ ಉಂಟು. ನಮ್ಮ ಊರಲ್ಲಿ ಮೊದಲ ಮಳೆಗೆ ಕಲ್ಲಣಬೆ ಬರ್ತದಲ್ಲ, ಮಣ್ಣೊಳಗಿನ ಗುಂಡು, ತುಳುವಿನಲ್ಲಿ ಕಲ್ಲಲಾಂಬು ಹೇಳ್ತೇವೆ. ಇಲ್ಲಿ ನಮ್ಮ ಮನೆ ಹಿಂದೆ ಓಕ್ ಮರದ ಎಲೆರಾಶಿ ಕೆದಕಿದ್ರೆ ಬಿಳಿ ಗುಂಡುಗಳು ಸಿಗ್ತವೆ. ಅಮ್ಮ ನೋಡಿ ಖುಷಿಯಾಗಿ "ಸುಕ್ಕ ಮಾಡುವ" ಅಂತಿದ್ದಾರೆ. ನಾನು ಇನ್ನೂ ಒಪ್ಪಲಿಲ್ಲ.

ಸಸ್ಯಶಾಸ್ತ್ರ_ಮಾಸ್ತರ_ಧಾರವಾಡ

ಒಪ್ಪಬ್ಯಾಡ್ರಿ! ಡೆತ್ ಕ್ಯಾಪ್ ಹುಟ್ಟೂದೇ ಕೋಳಿ ತತ್ತಿಯಂಥಾ ಬಿಳಿ ಗುಂಡಾಗಿ, ಅರ್ಧ ಮಣ್ಣಾಗ. ಒಳಗಿನಿಂದ ಟೋಪಿ ಬೆಳದು ಆ ಪೊರಿ ಹರೀತದ, ಉಳದ ಪೊರಿನ ಬುಡದ ಚೀಲ ಆಗ್ತದ.

ಗ್ಲೋವ್ಸ್ ಹಾಕ್ಕೊಂಡು ಒಂದು ಗುಂಡನ್ನ ಮ್ಯಾಲಿಂದ ಕೆಳಗ ನಟ್ಟನಡುವೆ ಸೀಳ್ರಿ. ಎಳೇ ಕಲ್ಲಣಬಿ ಆದ್ರ ಹೊರಗ ಗಟ್ಟಿ ಸಿಪ್ಪಿ, ಒಳಗ ಪೂರಾ ಒಂದೇ ಸಮ ಬಿಳಿ. ಡೆತ್ ಕ್ಯಾಪ್‌ನಂಥಾ ಅಮನಿಟಾ ಆದ್ರ ಒಳಗ ಇಡೀ ಅಣಬಿಯ ಆಕಾರ ಕಾಣ್ತದ: ಸಣ್ಣ ಟೋಪಿ, ಅದರ ಕೆಳಗ ಪದರದ ಗೆರಿ, ಮೊಂಡ ಕಾಂಡ. ಫೋಟೋ ಹಾಕ್ರಿ, ಆದ್ರ ನಾ ಏನೇ ಹೇಳಿದ್ರೂ ತಿನ್ನಬ್ಯಾಡ್ರಿ. ಫೋಟೋ ನೋಡಿ ತಿನ್ರಿ ಅನ್ನೂ ಮಾತು ನಾ ಯಾರಿಗೂ ಹೇಳೂದಿಲ್ಲ.

ಕಡಲಕರೆ_ಸ್ಯಾನ್‌ಹೊಸೆ

ಸೀಳಿದೆ. ನೀವು ಹೇಳಿದ ಹಾಗೇ ಒಳಗೆ ಟೋಪಿ, ಕಾಂಡ ಎರಡೂ ಉಂಟು, ಟೋಪಿಯ ಮೇಲ್ಚರ್ಮದಲ್ಲಿ ಆಗಲೇ ಹಸಿರು ಛಾಯೆ. ಅಮ್ಮನಿಗೂ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ, "ಇದು ನಮ್ಮದಲ್ಲ" ಅಂದ್ರು. ಕೈ ತೊಳೆದ್ಕೊಂಡು ಬಂದೆ. ಮುಟ್ಟಿದ್ರೆ ಏನಾದ್ರೂ ಆಗ್ತದಾ?

ಡಾ_ವಾಣಿ_ಬೆಂಗಳೂರು

ಮುಟ್ಟಿದರೆ ಏನೂ ಆಗುವುದಿಲ್ಲ, ಈ ವಿಷ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಕೈ ತೊಳೆದರೆ ಸಾಕು. ಹೊಟ್ಟೆಗೆ ಹೋದರೆ ಮಾತ್ರ ಅಪಾಯ.

ನಾನು ಲಿವರ್ ವಿಭಾಗದಲ್ಲಿ ಕೆಲಸ ಮಾಡುವವಳು. ಈ ವಿಷ ಜನರನ್ನು ಹೇಗೆ ಏಮಾರಿಸುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಾವು ಬರುವುದು ಹೆಚ್ಚಾಗಿ ತಡವಾಗಿ ಬಂದವರಿಗೆ.

ಊಟ ಮಾಡಿದ ಮೇಲೆ ಮೊದಲ 6ರಿಂದ 12 ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು, ಏನೂ ಇರುವುದಿಲ್ಲ. ರಾತ್ರಿ ಸಾರು ಉಂಡು ಮಲಗುತ್ತಾರೆ, ಬೆಳಗಿನ ಜಾವ ವಾಂತಿ, ಹೊಟ್ಟೆ ನುಲಿತ, ನೀರಿನಂತೆ ಭೇದಿ. ರಾತ್ರಿಯ ಅಣಬೆ ಆ ಹೊತ್ತಿಗೆ ಯಾರಿಗೂ ನೆನಪಾಗುವುದಿಲ್ಲ, ಫುಡ್ ಪಾಯ್ಸನಿಂಗ್ ಎಂದುಕೊಂಡು ಓಆರ್‌ಎಸ್ ಕುಡಿದು ಮನೆಯಲ್ಲೇ ಇರುತ್ತಾರೆ. ಒಂದು ದಿನ ಕಳೆಯುವಷ್ಟರಲ್ಲಿ ವಾಂತಿ-ಭೇದಿ ನಿಲ್ಲುತ್ತದೆ. ಎದ್ದು ಕೂರುತ್ತಾರೆ, ಗಂಜಿ ಕುಡಿಯುತ್ತಾರೆ, ಮನೆಯವರು ನೆಮ್ಮದಿಯಾಗುತ್ತಾರೆ. ಇದೇ ಅತ್ಯಂತ ಕೆಟ್ಟ ಹಂತ. ಆ ನೆಮ್ಮದಿಯ ಹೊತ್ತಿನಲ್ಲೇ ಲಿವರ್ ಜೀವಕೋಶಗಳು ಸಾಯುತ್ತಿರುತ್ತವೆ. ಮೂರು-ನಾಲ್ಕನೇ ದಿನ ಕಣ್ಣು ಹಳದಿ, ರಕ್ತ ಹೆಪ್ಪುಗಟ್ಟದಿರುವುದು, ಮಂಕು, ಕೋಮಾ. ಕಿಡ್ನಿಯೂ ಸೋಲಬಹುದು.

ಒಳಗೆ ಆಗುವುದು ಇಷ್ಟು. ನಮ್ಮ ಜೀವಕೋಶ ಡಿಎನ್‌ಎಯಲ್ಲಿರುವ ಸೂಚನೆಯನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡಿಕೊಂಡು ಪ್ರೋಟೀನ್ ತಯಾರಿಸುತ್ತದೆ. ಆ ನಕಲು ಮಾಡುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್ 2. ಅಣಬೆಯಲ್ಲಿರುವ ಆಲ್ಫಾ-ಅಮನಿಟಿನ್ ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಹೊಸ ಪ್ರೋಟೀನ್ ಇಲ್ಲದೆ ಕೋಶ ಸಾಯುತ್ತದೆ. ಕರುಳಿನಿಂದ ಹೀರಲ್ಪಟ್ಟದ್ದು ನೇರ ಲಿವರ್‌ಗೆ ಹೋಗುವುದರಿಂದ ಮೊದಲ ಪೆಟ್ಟು ಅದಕ್ಕೇ. ಲಿವರ್ ಅದನ್ನು ಪಿತ್ತದ ಜೊತೆ ಮತ್ತೆ ಕರುಳಿಗೆ ಬಿಡುತ್ತದೆ, ಕರುಳು ಮತ್ತೆ ಹೀರಿಕೊಳ್ಳುತ್ತದೆ. ಹೀಗೆ ಸುತ್ತು ಸುತ್ತು ಪೆಟ್ಟು. ವಯಸ್ಕರೊಬ್ಬರ ಪ್ರಾಣಕ್ಕೆ ಒಂದು ಅಣಬೆಯ ಅರ್ಧ ಭಾಗವೇ ಸಾಕಾಗಬಹುದು, ಮಕ್ಕಳಿಗೆ ಇನ್ನೂ ಕಡಿಮೆ.

ಚಿಕಿತ್ಸೆ ಇದೆ. ಡ್ರಿಪ್‌ನಲ್ಲಿ ಧಾರಾಳ ದ್ರವ, ಆ ಸುತ್ತು ತಡೆಯಲು ಪದೇ ಪದೇ ಆಕ್ಟಿವೇಟೆಡ್ ಚಾರ್ಕೋಲ್, ಎನ್-ಅಸಿಟೈಲ್‌ಸಿಸ್ಟೀನ್, ಪೆನ್ಸಿಲಿನ್, ಮಿಲ್ಕ್ ಥಿಸಲ್ ಗಿಡದಿಂದ ತಯಾರಾದ ಸಿಲಿಬಿನಿನ್ ಇಂಜೆಕ್ಷನ್. ಯುರೋಪಿನಲ್ಲಿ ಸಿಲಿಬಿನಿನ್ ಬಹಳ ಕಾಲದಿಂದ ಬಳಕೆಯಲ್ಲಿದೆ. ಅಂಗಡಿಯಲ್ಲಿ ಸಿಗುವ ಮಿಲ್ಕ್ ಥಿಸಲ್ ಮಾತ್ರೆ ಅದಕ್ಕೆ ಬದಲಿ ಅಲ್ಲ, ದಯವಿಟ್ಟು ಅದನ್ನು ನುಂಗಿ ಮನೆಯಲ್ಲಿ ಕೂರಬೇಡಿ. ಇವೆಲ್ಲ ಕೈಕೊಟ್ಟರೆ ಉಳಿಯುವುದು ಲಿವರ್ ಕಸಿ.

2016ರ 14 ಜನರೂ ಬದುಕಿದರು ಎನ್ನುವುದನ್ನು ಯಾರೂ ಧೈರ್ಯವಾಗಿ ತೆಗೆದುಕೊಳ್ಳಬೇಡಿ. ಕಸಿ ಮಾಡುವ ದೊಡ್ಡ ಆಸ್ಪತ್ರೆಗಳು ಹತ್ತಿರದಲ್ಲೇ ಇದ್ದವು.

ಬ್ರಹ್ಮಪುತ್ರ_ಕನ್ನಡಿಗ

ನಾನು ಕೆಲಸದ ಮೇಲೆ ಅಸ್ಸಾಂನಲ್ಲಿದ್ದೇನೆ. ಡಾಕ್ಟರ್ ಕೊನೆಯಲ್ಲಿ ಹೇಳಿದ ಮಾತಿಗೆ ಒಂದು ಸೇರಿಸುತ್ತೇನೆ. 2022ರ ಏಪ್ರಿಲ್‌ನಲ್ಲಿ ಮೇಲಿನ ಅಸ್ಸಾಂನ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು ಕೆಲವೇ ದಿನಗಳಲ್ಲಿ 13 ಜನ ತೀರಿಕೊಂಡರು. ಹೆಚ್ಚಿನವರು ಟೀ ತೋಟದ ಕಾರ್ಮಿಕರ ಮನೆಯವರು, ಮಕ್ಕಳೂ ಇದ್ದರು. ದಿಬ್ರುಗಢದ ಮೆಡಿಕಲ್ ಕಾಲೇಜಿಗೆ ಬಂದವರಲ್ಲಿ ಬಹಳ ಮಂದಿ ತಡವಾಗಿ ಬಂದಿದ್ದರು. ಕೂಲಿಯ ಮನೆಯಲ್ಲಿ ಕಾಡಿನಿಂದ ಬರುವ ಅಣಬೆ ಅಂದರೆ ದುಡ್ಡಿಲ್ಲದೆ ಸಿಗುವ ಒಂದು ಹೊತ್ತಿನ ಪಲ್ಯ. ಅಲ್ಲಿಂದ ಕಸಿ ಮಾಡುವ ಆಸ್ಪತ್ರೆ ಎಷ್ಟು ದೂರ ಅಂತ ನೋಡಿ. ಅಣಬೆಯ ವಿಷ ಎಲ್ಲರಿಗೂ ಒಂದೇ, ಆದರೆ ಸಾಯುವವರು ಬಡವರು. ಇದನ್ನು ಹೇಳದೆ ಇರೋಕಾಗಲಿಲ್ಲ.

ಅನಿತಾ_ಮೆಲ್ಬರ್ನ್

ಇಲ್ಲಿ ಸೀಸನ್ ಉಲ್ಟಾ, ಏಪ್ರಿಲ್‌ನಿಂದ ಜೂನ್ ಅಷ್ಟೊತ್ತಿಗೆ ಜಾಸ್ತಿ. ಮೆಲ್ಬರ್ನ್, ಕ್ಯಾನ್‌ಬೆರಾ ಎರಡೂ ಕಡೆ ಹಳೇ ಓಕ್ ಮರಗಳಿರೋ ಪಾರ್ಕುಗಳಲ್ಲಿ ಬರುತ್ತೆ. ಕ್ಯಾನ್‌ಬೆರಾದಲ್ಲಿ 2011ರ ಕೊನೆಯ ರಾತ್ರಿ ಹೊಸ ವರ್ಷದ ಊಟಕ್ಕೆ ಚೀನಾ ಮೂಲದ ಒಬ್ಬ ಬಾಣಸಿಗ ಇದನ್ನು ಸ್ಟ್ರಾ ಮಶ್ರೂಮ್ ಅಂದ್ಕೊಂಡು ಅಡುಗೆ ಮಾಡಿದ್ರು. ಅವರೂ ಇನ್ನೊಬ್ಬರೂ ತೀರಿಕೊಂಡ್ರು. ಅಡುಗೆಯನ್ನೇ ಕಸುಬು ಮಾಡ್ಕೊಂಡವರು!

ಲಿಯೊಂಗಾಥಾ ಕೇಸು ಎಲ್ಲರಿಗೂ ಗೊತ್ತಿರುತ್ತೆ. 2023ರ ಜುಲೈ, ಇಲ್ಲಿಯ ಲಿಯೊಂಗಾಥಾ ಊರಲ್ಲಿ ಒಬ್ಬ ಹೆಂಗಸು ಗಂಡನ ಕಡೆಯವರಿಗೆ ಡೆತ್ ಕ್ಯಾಪ್ ಹಾಕಿ ಬಡಿಸಿದ ಮಧ್ಯಾಹ್ನದ ಊಟ, ಮೂವರ ಸಾವು, 2025ರಲ್ಲಿ ಜೀವಾವಧಿ ಶಿಕ್ಷೆ. ಅದು ಕೊಲೆ, ಬೇರೆ ವಿಷಯ. ಆ ಕೇಸಿನಿಂದ ಡೆತ್ ಕ್ಯಾಪ್ ಹೆಸರು ಮನೆಮಾತಾಯ್ತು ನಿಜ, ಆದ್ರೆ ಜನ ಅದನ್ನ ಕ್ರೈಮ್ ಕಥೆ ಅಂತ ನೋಡ್ತಾರೆ, ತಮ್ಮ ಬೀದಿಯ ಮರದ ಕೆಳಗೂ ಇದೆ ಅಂತ ನೋಡಲ್ಲ.

ಮಾಸ್ತರೇ, ಸ್ಟ್ರಾ ಮಶ್ರೂಮ್‌ಗೂ ಇದಕ್ಕೂ ಅಷ್ಟು ಹೋಲಿಕೆ ಯಾಕೆ?

ಸಸ್ಯಶಾಸ್ತ್ರ_ಮಾಸ್ತರ_ಧಾರವಾಡ

ನಮ್ಮ ಕಡೆ ಭತ್ತದ ಹುಲ್ಲಿನ ಅಣಬಿ ಅಂತೀವಲ್ಲ, ಅದನ. ಅದಕ್ಕೂ ಬುಡದಾಗ ಚೀಲ ಅದ, ಅದೂ ತತ್ತಿಯಾಗಿ ಹುಟ್ಟತದ. ಅದಕ್ಕ ಏಷ್ಯಾದಿಂದ ಹೋದವರು ತಪ್ತಾರ. ವ್ಯತ್ಯಾಸ ಅದ: ಹುಲ್ಲಿನ ಅಣಬಿಗೆ ಕಾಂಡದ ಮ್ಯಾಲೆ ಉಂಗುರ ಇರೂದಿಲ್ಲ, ಬಲಿತಾಗ ಪದರ ಗುಲಾಬಿ ಆಗ್ತಾವ, ಕೊಳೆಯೂ ಹುಲ್ಲಿನ ಮ್ಯಾಲೆ ಬರ್ತದ, ಮರದ ಬೇರು ಬೇಕಾಗಿಲ್ಲ. ಟೋಪಿ ಕೊಯ್ದು ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮ್ಯಾಲೆ ಪದರ ಕೆಳಗ ಮಾಡಿ ಇಟ್ಟು, ಬಟ್ಟಲು ಮುಚ್ಚಿ ಒಂದು ರಾತ್ರಿ ಬಿಟ್ರ ಬೀಜಕದ ಪುಡಿ ಬೀಳ್ತದ. ಹುಲ್ಲಿನ ಅಣಬಿದು ಗುಲಾಬಿ-ಕಂದು, ಡೆತ್ ಕ್ಯಾಪ್‌ದು ಬಿಳಿ.

ಆದ್ರ ತತ್ತಿ ಹಂತದಾಗ ಉಂಗುರನೂ ಕಾಣೂದಿಲ್ಲ, ಗುಲಾಬಿನೂ ಕಾಣೂದಿಲ್ಲ. ನಮ್ಮ ಮಂದಿ ಇಷ್ಟಪಟ್ಟು ಆರಿಸೂದು ಆ ಎಳೇದನ್ನ. ಅಲ್ಲೇ ಅನಾಹುತ.

ಟೆಕ್_ವಿನಯ್

ಫೋನ್ ಆ್ಯಪ್‌ನಲ್ಲಿ ಫೋಟೋ ತೆಗೆದ್ರೆ ಹೆಸರು ಬರುತ್ತಲ್ಲ? ಅದು ಸಾಕಾಗಲ್ವಾ? ಇನ್ನೊಂದು, ಈ ವಿಷಕ್ಕೆ ಮದ್ದು ಸಿಕ್ಕಿದೆ ಅಂತ ಎಲ್ಲೋ ಓದಿದ್ದೆ.

ಸಸ್ಯಶಾಸ್ತ್ರ_ಮಾಸ್ತರ_ಧಾರವಾಡ

ಆ್ಯಪ್ ನೋಡೂದು ಟೋಪಿಯ ಚಿತ್ರ. ಮಣ್ಣೊಳಗಿನ ಚೀಲ, ವಾಸನೆ, ಬೀಜಕದ ಬಣ್ಣ, ಪಕ್ಕದ ಮರ ಅದಕ್ಕ ಕಾಣೂದಿಲ್ಲ. ಹೆಸರು ಕಲಿಯಾಕ ಬಳಸ್ರಿ, ಊಟಕ್ಕ ಬ್ಯಾಡ.

ಡಾ_ವಾಣಿ_ಬೆಂಗಳೂರು

ವಿನಯ್, ನೀವು ಓದಿದ್ದು ಇಂಡೋಸಯನೈನ್ ಗ್ರೀನ್ ಬಗ್ಗೆ ಇರಬೇಕು. ಕಣ್ಣು, ಲಿವರ್ ಪರೀಕ್ಷೆಗಳಲ್ಲಿ ಈಗಾಗಲೇ ಬಳಸುವ ಬಣ್ಣದ ದ್ರವ್ಯ ಅದು. 2023ರಲ್ಲಿ ಚೀನಾದ ವಿಜ್ಞಾನಿಗಳು ಆಲ್ಫಾ-ಅಮನಿಟಿನ್ ಕೋಶವನ್ನು ಕೊಲ್ಲಲು ಎಸ್‌ಟಿಟಿ3ಬಿ ಎಂಬ ಪ್ರೋಟೀನ್ ಬೇಕು ಎಂದು ಕಂಡುಕೊಂಡು, ಆ ದ್ರವ್ಯ ಅದನ್ನು ತಡೆಯುತ್ತದೆ ಎಂದು ತೋರಿಸಿದರು. ಇಲಿಗಳಲ್ಲಿ ಬೇಗ ಕೊಟ್ಟಾಗ ಬದುಕುಳಿದವು ಹೆಚ್ಚು. ನನಗೆ ಬಹಳ ಆಸೆ ಹುಟ್ಟಿಸಿದ ಕೆಲಸ. ಆದರೆ ಇಲಿಯ ಫಲಿತಾಂಶ ನಂಬಿಕೊಂಡು ಯಾರೂ ತಟ್ಟೆಗೆ ಕೈ ಹಾಕುವ ಹಾಗಿಲ್ಲ.

ಮಲೆನಾಡ_ಮಳೆ

ಮಾಸ್ತರೇ, ಡಾಕ್ಟ್ರೇ, ಎರಡೆರಡು ಸಲ ಓದಿದೆ. ಜಾಗದ ಮಾತು ಒಪ್ಪಿದೆ. ಅಜ್ಜಿಯೂ ಹಾಗೇ ಹೇಳೋರು, "ಗುರುತಿಲ್ಲದ ಕಾನಿನ ಅಣಬೆ ಮುಟ್ಟಬ್ಯಾಡ" ಅಂತ. ನಮ್ಮಮ್ಮ ಮುಂದಿನ ತಿಂಗಳು ಅಕ್ಕನ ಮನೆಗೆ, ಬೇ ಏರಿಯಾದ ಸನಿವೇಲ್‌ಗೆ ಹೋಗ್ತಿದ್ದಾರೆ. ಅವರಿಗೆ ಹೇಗೆ ಹೇಳೋದು? ಬೇಡ ಅಂದ್ರೆ "ನಂಗೆ ಗೊತ್ತಿಲ್ವಾ" ಅಂತಾರೆ.

ಸುಮಾ_ಫ್ರೀಮಾಂಟ್

"ನಿಮಗೆ ಗೊತ್ತಿಲ್ಲ" ಅನ್ನಲೇಬೇಡಿ. "ಅಮ್ಮ, ಇಲ್ಲಿ ಹುತ್ತ ಇಲ್ಲ, ಇಲ್ಲಿಯ ಅಣಬೆ ಬೇರೆ ಮರದ್ದು" ಅನ್ನಿ. ಅವರ ಕೈಯಲ್ಲೇ ಒಂದು ಅಣಬೆ ಬುಡಸಮೇತ ಅಗೆಸಿ ಚೀಲ ತೋರಿಸಿ, ಕಡಲಕರೆಯವರು ಅವರಮ್ಮನಿಗೆ ತೋರಿಸಿದ ಹಾಗೆ. ಕಣ್ಣಾರೆ ಕಂಡ್ರೆ ಒಪ್ತಾರೆ. ಸಾಂತಾ ಕ್ರೂಜ್‌ನಲ್ಲಿ ಜನವರಿಯಲ್ಲಿ ಅಣಬೆ ಮೇಳ ನಡೆಯುತ್ತೆ, ನೂರಾರು ಜಾತಿ ಹೆಸರು ಬರೆದು ಇಟ್ಟಿರ್ತಾರೆ, ಕರ್ಕೊಂಡು ಹೋಗಿ. ಈಸ್ಟ್ ಬೇ ಪಾರ್ಕುಗಳಲ್ಲಿ ಅಣಬೆ ಕೀಳೋದೇ ನಿಷಿದ್ಧ, ಅದನ್ನೂ ಹೇಳಿ. ಅಣಬೆ ಸಾರು ಉಣ್ಣೋ ಆಸೆ ಆದ್ರೆ ಅಂಗಡಿಯದು ತಂದು ಅವರ ಮಸಾಲೆಯಲ್ಲೇ ಮಾಡಿಸಿ.

ರೂಪಾ_ಎಂ

ನನ್ನ ಫ್ರೆಂಡ್ ಮನೆಯಲ್ಲಿ ಕಾಡು ಅಣಬೆ ಊಟ ಆಗಿ ಒಂದೇ ಗಂಟೆಗೆ ವಾಂತಿ ಶುರು ಆಗಿತ್ತು, ಸಂಜೆಗೆ ಸರಿ ಹೋದ್ರು. ಬೇಗ ವಾಂತಿ ಆದ್ರೆ ಡೆತ್ ಕ್ಯಾಪ್ ಅಲ್ಲ ಅಂತ ಅರ್ಥವಾ?

ಡಾ_ವಾಣಿ_ಬೆಂಗಳೂರು

ಇಲ್ಲ. ಬೇಗ ವಾಂತಿ ಮಾಡಿಸುವ ಬೇರೆ ಅಣಬೆಗಳಿವೆ, ಹುಲ್ಲುಹಾಸಿನಲ್ಲಿ ಬರುವ ಹಸಿರು ಪದರದ ಬಿಳಿ ಅಣಬೆ ಅಂಥದ್ದು. ಆದರೆ ಒಂದೇ ಬುಟ್ಟಿಯಲ್ಲಿ ಎರಡು ಮೂರು ಜಾತಿ ಇರಬಹುದು. ಒಂದರ ವಾಂತಿ ಬೇಗ ಬಂದು ನಿಂತಿದ್ದಕ್ಕೆ ಇನ್ನೊಂದರ ವಿಷ ಒಳಗಿಲ್ಲ ಎನ್ನಲಾಗದು. ಗುರುತು ಸಿಗದ ಕಾಡು ಅಣಬೆ ತಿಂದಿದ್ದಾರೆ ಎಂದರೆ ಲಕ್ಷಣಕ್ಕೆ ಕಾಯದೆ ಹೊರಡಬೇಕು, ಜೊತೆಗೆ ಉಂಡವರೆಲ್ಲರೂ. ಉಳಿದ ಅಣಬೆ, ಸಿಪ್ಪೆ, ಬೇಯಿಸಿದ್ದು ಏನಿದ್ದರೂ ಕಾಗದದ ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ಲಾಸ್ಟಿಕ್‌ನಲ್ಲಿ ಬೇಗ ಕೊಳೆಯುತ್ತದೆ. ಎಷ್ಟು ಗಂಟೆಗೆ ತಿಂದರು ಎಂದು ಬರೆದುಕೊಳ್ಳಿ. ಅಮೆರಿಕದಲ್ಲಿ ವಿಷ ಸಹಾಯವಾಣಿ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26, ಭಾರತದಲ್ಲಿ ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117.

ನಿಮ್ಮ ಫ್ರೆಂಡ್ ತಿಂದದ್ದು ಯಾವಾಗ? ಈ ವಾರ ಆಗಿದ್ದರೆ ಇವತ್ತೇ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಲು ಹೇಳಿ.

ರೂಪಾ_ಎಂ

ಹೋದ ವರ್ಷದ್ದು ಡಾಕ್ಟರ್, ಈಗ ಆರಾಮಾಗಿದ್ದಾರೆ. ಥ್ಯಾಂಕ್ಸ್.

ಕಡಲಕರೆ_ಸ್ಯಾನ್‌ಹೊಸೆ

ಕೊನೆಗೊಂದು. ಹಿತ್ತಿಲಲ್ಲಿ ಇರುವುದನ್ನು ಏನು ಮಾಡುವುದು ಮಾಸ್ಟ್ರೇ? ನಮಗೆ ಚಿಕ್ಕ ಮಗು ಉಂಟು, ನಾಯಿಯೂ ಉಂಟು. ಮರ ಕಡಿಸ್ಬೇಕಾ?

ಸಸ್ಯಶಾಸ್ತ್ರ_ಮಾಸ್ತರ_ಧಾರವಾಡ

ಮರ ಕಡೀಬ್ಯಾಡ್ರಿ, ಅದರ ತಪ್ಪೇನೂ ಇಲ್ಲ. ನಾವು ನೋಡೂ ಅಣಬಿ ಬರೇ ಹಣ್ಣಿದ್ದಂಗ, ನಿಜವಾದ ಶಿಲೀಂಧ್ರ ಬೇರಿನ ಜೋಡಿ ಮಣ್ಣಾಗ ಹರಡೇದ. ಔಷಧ ಹೊಡದು ಸಾಯಸೂದು ಆಗೂದಿಲ್ಲ. ನಾಯಿಗಳೂ ಇದನ್ನ ತಿಂದು ಸಾಯ್ತಾವ, ಹಂಗಾಗಿ ಮಳಿ ಆದ ವಾರ ದಿನಾ ಬೆಳಿಗ್ಗೆ ಮಗು, ನಾಯಿ ಹೊರಗ ಬರೂ ಮೊದಲ ಒಂದು ಸುತ್ತು ಹಾಕ್ರಿ. ಎಲೆರಾಶಿ ಸರಿಸಿ ತತ್ತಿ ಹಂತದ್ದನ್ನೂ ಹುಡುಕ್ರಿ. ಗ್ಲೋವ್ಸ್ ಹಾಕ್ಕೊಂಡು ಬುಡದ ಚೀಲ ಸಮೇತ ಕಿತ್ತು, ಒಂದು ಕಸದ ಚೀಲದಾಗ ಕಟ್ಟಿ ಡಬ್ಬಿಗೆ ಹಾಕ್ರಿ, ಗೊಬ್ಬರದ ಗುಂಡಿಗೆ ಬ್ಯಾಡ. ನಿಮ್ಮಲ್ಲಿ ಫೆಬ್ರವರಿ ತನಕನೂ ಮತ್ತ ಮತ್ತ ಏಳ್ತಾವ, ಮುಂದಿನ ವರ್ಷ ಅದೇ ಜಾಗಕ್ಕ ಬರ್ತಾವ. ಎಲ್ಲೆಲ್ಲಿ ಬಂದಾವ ಅಂತ ಈಗ ಒಂದು ಗೂಟ ನೆಟ್ಟು ಇಡ್ರಿ.